ಹೋಗಿ ಬರ್ತೀವಿ

ಹೋಂಡಾ ಮತ್ತೆ ಫಾರ್ಮುಲಾ ಒನ್ ಕಾರ್ ರೇಸಿಗೆ ಬಂದಿದೆ. ಅದಕ್ಕೆ ನರಸಾಪುರದಲ್ಲಿ ಯಾಕೆ ಸಂಭ್ರಮ ಅಂತ ಕೇಳಬೇಡಿ. ಅಲ್ಲಿನ ಹೋಂಡಾ ಫ್ಯಾಕ್ಟರಿಯಲ್ಲಿ ತಯಾರಾಗೋದು ಸ್ಕೂಟರು, ಬೈಕು. ಆದರೂ ಶಿಫ್ಟ್ ಮುಗಿಸಿದ ಹುಡುಗರು ಹೈವೇ ಪಕ್ಕದ ಟೀ ಅಂಗಡಿಯಲ್ಲಿ ಪಕ್ಕದ ಬೀದಿಯವನ ವಿಷಯದಂತೆ ರೇಸ್ ಡ್ರೈವರ್ ವರ್ಸ್ಟಾಪನ್ ವಿಷಯ ಮಾತಾಡ್ತಾರೆ. ಕೋಲಾರ ಜಿಲ್ಲೆಗೂ ಒಂದು ಹೆಮ್ಮೆ ಬೇಕಲ್ವಾ!

ನನಗೆ ಹೋಂಡಾ ಮೇಲೆ ಗೌರವ ಇರೋದು ಬೇರೆ ಕಾರಣಕ್ಕೆ. ರಾಜೀನಾಮೆ ಕೊಡೋದರಲ್ಲಿ, ವಾಪಸ್ ಬರೋದರಲ್ಲಿ ನಮ್ಮ ಜಿಲ್ಲೆಯ ಯಾವ ಮುಖಂಡನೂ ಅದರ ಸಮಕ್ಕೆ ನಿಲ್ಲಲ್ಲ. 1968ರಲ್ಲಿ ಹೋಯಿತು. 1983ರಲ್ಲಿ ಬಂತು. 1988ರಲ್ಲಿ ಮೆಕ್ಲಾರೆನ್ ಟೀಮಿಗೆ ಎಂಜಿನ್ ಕೊಟ್ಟು 16ರಲ್ಲಿ 15 ರೇಸ್ ಗೆದ್ದಿತು. 1992ರಲ್ಲಿ ಮತ್ತೆ ಹೊರಟಿತು. ಆಮೇಲೆ ಸ್ವಂತ ಟೀಮು ಕಟ್ಟಿ 3 ವರ್ಷದಲ್ಲಿ ಗೆದ್ದಿದ್ದು ಒಂದೇ ರೇಸು. ಆರ್ಥಿಕ ಮುಗ್ಗಟ್ಟು ಅಂತ 2008ರ ಡಿಸೆಂಬರಿನಲ್ಲಿ ಕೈ ತೊಳೆದುಕೊಂಡು, ಇಡೀ ಟೀಮನ್ನು ಅದರ ಮುಖ್ಯಸ್ಥ ರಾಸ್ ಬ್ರಾನ್‌ಗೆ 1 ಪೌಂಡಿಗೆ ಕೊಟ್ಟಿತು. ರೇಟು ಬಿದ್ದ ದಿನ ನಮ್ಮ ಎಪಿಎಂಸಿಯಲ್ಲಿ ಒಂದು ಬಾಕ್ಸ್ ಟೊಮೆಟೊ ಹೋಗೋ ಬೆಲೆ ಅದು. ಮುಂದಿನ ವರ್ಷವೇ ಆ ಟೀಮು ಮರ್ಸಿಡಿಸ್ ಎಂಜಿನ್ ಹಾಕಿಕೊಂಡು ಎರಡೂ ಚಾಂಪಿಯನ್‌ಶಿಪ್ ಹೊಡೆಯಿತು.

2015ರಲ್ಲಿ ಎಂಜಿನ್ ಕೊಡೋಕೆ ಮತ್ತೆ ಬಂದ ಹೋಂಡಾದವರಿಗೆ 2020ರಲ್ಲಿ ಪರಿಸರ ನೆನಪಾಯಿತು. ಮುಂದಿನ ವರ್ಷಕ್ಕೇ ಸಾಕು ಎಂದರು. ಆ ಕೊನೆಯ ವರ್ಷ ಹೋಂಡಾ ಎಂಜಿನ್ನಿನ ರೆಡ್ ಬುಲ್ ಕಾರಲ್ಲಿ ವರ್ಸ್ಟಾಪನ್ ಚಾಂಪಿಯನ್! ಸರಿ, ಹೋದರಾ? ಎಲ್ಲಿ! ಹೆಸರು ಹೋಯಿತು, ಎಂಜಿನ್ ಜಪಾನಿನ ಸಕುರಾದಿಂದ ಬರ್ತಾನೇ ಇತ್ತು. 2023ರಲ್ಲಿ ರೆಡ್ ಬುಲ್ 22ರಲ್ಲಿ 21 ರೇಸ್ ಗೆದ್ದಾಗ ಒಳಗಿದ್ದದ್ದು ಬಿಟ್ಟುಹೋದ ಈ ಹೋಂಡಾನೇ. ಅದೇ ವರ್ಷ, 2026ಕ್ಕೆ ವಾಪಸ್ ಬರ್ತೀವಿ ಎಂದರು. ಯಾಕಂತೆ? ಹೊಸ ನಿಯಮ ಪರಿಸರಕ್ಕೆ ಒಳ್ಳೇದಂತೆ. ಹೋಗಿದ್ದೂ ಪರಿಸರಕ್ಕೆ, ಬಂದಿದ್ದೂ ಪರಿಸರಕ್ಕೆ.

ಇದಕ್ಕೆಲ್ಲ ನಗಬಹುದು. 1968ಕ್ಕೆ ಮಾತ್ರ ನಗು ಬರಲ್ಲ. ಬೇಗ ಹೊತ್ತಿಕೊಳ್ಳೋ ಮೆಗ್ನೀಸಿಯಂ ಬಾಡಿಯ ಹೊಸ ಕಾರು. ಓಡಿಸಿ ನೋಡಿದ ಹೋಂಡಾದ ಡ್ರೈವರ್ ಜಾನ್ ಸರ್ಟೀಸ್ ಇದು ಬೇಡ ಎಂದರು. ಅವರೇನು ಸುಮ್ನೆ ಯಾರೋ ಅಲ್ಲ, ವರ್ಲ್ಡ್ ಚಾಂಪಿಯನ್. ಆದರೂ ಫ್ರಾನ್ಸಿನ ರೇಸಿಗೆ ಫ್ರಾನ್ಸಿನವರೇ ಆದ ಜೋ ಶ್ಲೆಸರ್‌ರನ್ನು ಅದರಲ್ಲಿ ಕೂರಿಸಿದರು. ರೂಆನ್ ಟ್ರ್ಯಾಕಿನ ಮಳೆಯಲ್ಲಿ ಎರಡು ಮೂರು ಲ್ಯಾಪ್ ಆಗುವಷ್ಟರಲ್ಲಿ ಕಾರು ಜಾರಿ ಹೊತ್ತಿ ಉರಿಯಿತು. ಮನುಷ್ಯ ಅದರಲ್ಲೇ ಹೋದರು. ತಿಳಿದವನು ಬೇಡ ಅಂದ ಮೇಲೂ ಇನ್ನೊಬ್ಬನನ್ನು ಕರೆದು ಕೂರಿಸೋದು ಯಾವ ಊರ ನ್ಯಾಯ? ಎಷ್ಟು ಗೆದ್ದರೂ ಈ ಲೆಕ್ಕ ತೀರಲ್ಲ.

ಈಗ ಆಸ್ಟನ್ ಮಾರ್ಟಿನ್ ಟೀಮಿನ ಜೊತೆ ಹೊಸ ಸಂಸಾರ. ಡ್ರೈವರ್ ಯಾರು ಗೊತ್ತಲ್ಲ? ಫರ್ನಾಂಡೊ ಅಲೊನ್ಸೊ. 2015ರಲ್ಲಿ ಸುಜುಕಾದಲ್ಲಿ, ಹೋಂಡಾದವರದೇ ಟ್ರ್ಯಾಕಿನಲ್ಲಿ, ಹೋಂಡಾ ಎಂಜಿನ್ನಿನ ಕಾರು ಓಡಿಸ್ತಾ, ಎಲ್ಲರಿಗೂ ಕೇಳೋ ಹಾಗೆ ರೇಡಿಯೋದಲ್ಲಿ 'ಜಿಪಿ2 ಎಂಜಿನ್', ಅಂದ್ರೆ ಕೆಳದರ್ಜೆ ರೇಸಿನ ಎಂಜಿನ್, ಅಂತ ಕಿರುಚಿದ್ದು ಇವರೇ.