ಹಳ್ಳ ದಾಟಿದ್ದೇ ತಪ್ಪಾದರೆ ಹಳ್ಳ ದಾಟುವ ಗಾಡಿ ಮಾರುವುದೇಕೆ?

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಗಾಡಿಯನ್ನು ಕಲಬುರಗಿಯಲ್ಲಿ ಕೊಳ್ಳುವುದು ಸುಲಭ. ಅದನ್ನು ಇಲ್ಲಿಯೇ ಸರಿಯಾಗಿ ದುರಸ್ತಿ ಮಾಡಿಸಿಕೊಳ್ಳುವುದು ಮಾತ್ರ ಬಹಳ ಕಷ್ಟ. ಷೋರೂಮಿನ ಗೋಡೆಯ ಮೇಲೆ ರಾಡಿ ಚಿಮ್ಮಿಸುತ್ತ ಹೊಳೆ ದಾಟುವ ಗಾಡಿಯ ಚಿತ್ರ ಹಾಕಿ, 'ಫೋರ್ ಬೈ ಫೋರ್' ಎಂಬ ಒಂದೇ ಕಾರಣಕ್ಕೆ ಹೆಚ್ಚಿನ ಬೆಲೆ ಪಡೆದುಕೊಂಡವರ ಸರ್ವಿಸ್ ಸೆಂಟರಿಗೆ ವಾರಂಟಿ ಮುಗಿಯುವ ಮುನ್ನವೇ ದೂರು ಹೊತ್ತು ಹೋದರೆ, ಅಲ್ಲಿನ ಅಡ್ವೈಸರ್ ಟೈರಿಗೆ ಮೆತ್ತಿದ ಮಣ್ಣನ್ನು ನೋಡಿ ಕೇಳುವ ಮೊದಲ ಪ್ರಶ್ನೆ, "ಸರ, ಗಾಡಿ ನೀರಾಗ ಇಳಿಸೀರೇನ್ರಿ?" ಎಂಬುದು. ಈ ಪ್ರಶ್ನೆ ದೋಷ ಹುಡುಕಲಿಕ್ಕೆ ಕೇಳಿದ್ದಾಗಿದ್ದರೆ ನನಗೆ ಸಂತೋಷವೇ ಆಗುತ್ತಿತ್ತು. ಅದನ್ನು ಕೇಳುವುದು ವಾರಂಟಿ ನಿರಾಕರಿಸಲಿಕ್ಕೆ ಬೇಕಾದ ಕಾರಣವನ್ನು ನಮ್ಮ ಬಾಯಿಂದಲೇ ಹೊರಡಿಸಲಿಕ್ಕೆ.

ನಮ್ಮ ಕಡೆ ಇಂಥ ಗಾಡಿ ಕೊಳ್ಳುವವರೆಲ್ಲ ಶೋಕಿಗಾಗಿ ಕೊಳ್ಳುವುದಿಲ್ಲ. ಶೋಕಿಯವರೂ ಇದ್ದಾರೆ, ಆದರೆ ಅವರ ಗಾಡಿ ಸೂಪರ್ ಮಾರ್ಕೆಟ್ ದಾಟಿ ಮುಂದೆ ಹೋಗುವುದು ಅಪರೂಪ. ಸೇಡಂ, ಚಿತ್ತಾಪುರ, ಚಿಂಚೋಳಿಯ ಕಡೆ ತೊಗರಿ ಹೊಲ ಇರುವವನಿಗೆ ಜುಲೈ ತಿಂಗಳಿನಿಂದ ಅಕ್ಟೋಬರ್‌ವರೆಗೆ ಡಾಂಬರು ರಸ್ತೆ ಬಿಟ್ಟಿಳಿದ ಕೂಡಲೇ ಎರೆ ಮಣ್ಣು ಎದುರಾಗುತ್ತದೆ. ಆ ಮಣ್ಣು ನೀರು ಕುಡಿದು ಉಬ್ಬಿ ಚಕ್ರವನ್ನು ಹಿಡಿದುಕೊಳ್ಳುತ್ತದೆ, ಒಣಗಿದ ಮೇಲೆ ಉಳಿಯಿಂದ ಕೆತ್ತಿದರೂ ಬಿಡುವುದಿಲ್ಲ. ಕಾಗಿಣಾ ತುಂಬಿ ಹರಿದರೆ ಮಳಖೇಡದ ಬಳಿ ಸೇತುವೆ ಮುಳುಗಿ ಸೇಡಂ ರಸ್ತೆಯೇ ನಿಂತುಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಏನು ಮಾಡಿದಳೆಂಬುದು ಜೇವರ್ಗಿ, ಅಫಜಲಪುರದವರಿಗೆ ಇನ್ನೂ ನೆನಪಿದೆ. ಇದಕ್ಕೆ ಶಹಾಬಾದಿನ ಕಲ್ಲು ಗಣಿಗಳ ಧೂಳನ್ನೂ ನಲವತ್ತು ಡಿಗ್ರಿ ದಾಟುವ ಬೇಸಿಗೆಯನ್ನೂ ಸೇರಿಸಿಕೊಳ್ಳಿ. ಇಂಥ ಊರಿನಲ್ಲಿ ಈ ಗಾಡಿಯ ಪಾಲಿಗೆ ರಾಡಿ ದಿನನಿತ್ಯದ ಮಾತು; ಅದನ್ನು ದುರುಪಯೋಗ ಎಂದು ಕರೆಯುವುದು ಹೇಗೆ?

ನನ್ನ ಗಾಡಿಯ ದೋಷ ಶುರುವಾದದ್ದು ಮುಂಭಾಗದಿಂದ ಬರುವ ಸಣ್ಣ ಗುಂಯ್‌ಗುಡುವಿಕೆಯಿಂದ. ವೇಗ ಹೆಚ್ಚಿದಂತೆ ಸದ್ದು ಹೆಚ್ಚುತ್ತಿತ್ತು, ಕ್ಲಚ್ ತುಳಿದರೂ ನಿಲ್ಲುತ್ತಿರಲಿಲ್ಲ. ಅಂದರೆ ಸದ್ದು ಎಂಜಿನ್ನಿನದಲ್ಲ, ಉರುಳುವ ಯಾವುದೋ ಭಾಗದ್ದು. ಇದನ್ನೆಲ್ಲ ಹೇಳಿದರೂ ಜಾಬ್ ಕಾರ್ಡಿನಲ್ಲಿ ಬರೆದದ್ದು 'ಸದ್ದು, ಪರಿಶೀಲಿಸಿ' ಎಂಬ ಎರಡೇ ಪದ. ಮೊದಲು ವೀಲ್ ಅಲೈನ್‌ಮೆಂಟ್ ಎಂದರು, ಆಮೇಲೆ ಟೈರು ಎಂದರು, ಮತ್ತೆ ಜಾಯಿಂಟ್ ಶಾಫ್ಟ್ ಎಂದರು. ಪ್ರತಿ ಸಲವೂ ಬಿಲ್ಲಾಯಿತು, ಶೇಕಡಾ 18ರ ಜಿಎಸ್‌ಟಿಯೂ ಸೇರಿತು. ಸದ್ದು ಮಾತ್ರ ಹೋಗಲಿಲ್ಲ.

ಒಮ್ಮೆ ಅವರ ಟ್ರಯಲ್ ನೋಡುವವನ ಪಕ್ಕದಲ್ಲಿ ನಾನೂ ಕುಳಿತೆ. ಒಣಗಿದ ರಿಂಗ್ ರೋಡಿನ ಮೇಲೆ ಆತ ಗಾಡಿಯನ್ನು ಫೋರ್ ಹೈಗೆ, ಅಂದರೆ ನಾಲ್ಕೂ ಚಕ್ರ ಎಳೆಯುವ ವೇಗದ ಗೇರಿಗೆ ಹಾಕಿ ಪೂರ್ತಿ ತಿರುವು ತೆಗೆದುಕೊಂಡ. ಸ್ಟೇರಿಂಗ್ ಬಿಗಿಯಾಯಿತು, ಗಾಡಿ ಎಗರಿ ಎಗರಿ ಸರಿಯಿತು. "ಇದೇ ನೋಡ್ರಿ ಸರ, ಸ್ಟೇರಿಂಗ್ ಜಡ ಅದ" ಎಂದು ದೋಷ ಸಿಕ್ಕಿದ ಸಂತೋಷದಲ್ಲಿ ಹೇಳಿದ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ; ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್ (ಎರಡು ಕಡೆಯೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಇಲ್ಲದ ಈ ಬಗೆಯ ಗಾಡಿಯಲ್ಲಿ ಆ ವ್ಯತ್ಯಾಸವನ್ನು ಸರಿದೂಗಿಸುವುದು ಚಕ್ರದ ಕೆಳಗಿನ ಸಡಿಲ ಮಣ್ಣು. ಗಟ್ಟಿ ಡಾಂಬರಿನ ಮೇಲೆ ಆ ಅವಕಾಶವಿಲ್ಲದೆ ಬಿಗಿತವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಆದ್ದರಿಂದಲೇ ಒಣ ರಸ್ತೆಯಲ್ಲಿ ಫೋರ್ ಹೈ ಬಳಸಬೇಡಿರೆಂದು ಗಾಡಿಯ ಕೈಪಿಡಿಯಲ್ಲಿ ಅಚ್ಚಾಗಿರುವುದು. ಗಾಡಿಯ ಸಹಜ ಗುಣವನ್ನೇ ದೋಷವೆಂದು ತಿಳಿಯುವವರ ಕೈಯಲ್ಲಿ ನಿಜವಾದ ದೋಷ ಸಿಗುವ ಆಸೆಯನ್ನು ನಾನು ಅಂದೇ ಬಿಟ್ಟೆ.

ಕೊನೆಗೆ ಅವರು ಹಿಡಿದದ್ದು ಸ್ಕ್ಯಾನರನ್ನು. "ಕಂಪ್ಯೂಟರ್‌ದಾಗ ಏನೂ ಎರರ್ ಇಲ್ರಿ, ಗಾಡಿ ಓಕೆ ಅದ" ಎಂಬ ತೀರ್ಪು ಬಂತು. ಸೆನ್ಸರ್ ಇರುವ ಕಡೆಯ ಸುದ್ದಿಯನ್ನಷ್ಟೇ ಸ್ಕ್ಯಾನರ್ ಹೇಳಬಲ್ಲದು. ಒಂದೊಂದು ಅಚ್ಚಿನ ಎಡ-ಬಲ ಚಕ್ರಗಳ ನಡುವೆ ಇರುವ ಡಿಫರೆನ್ಷಿಯಲ್ ಒಳಗಿನ ಬೇರಿಂಗ್ ಸವೆದದ್ದನ್ನೂ ಅದರ ಎಣ್ಣೆ ಕೆಟ್ಟದ್ದನ್ನೂ ತಿಳಿಸುವ ಸೆನ್ಸರ್ ನನ್ನ ಗಾಡಿಯಲ್ಲಿಲ್ಲ; ಅದನ್ನು ತಿಳಿಯಬೇಕಾದರೆ ಪಾನಾ ಹಿಡಿದು ಗಾಡಿಯ ಕೆಳಗೆ ಮಲಗಬೇಕು.

ಹಾಗೆ ಮಲಗಿದವರು ಹಳೆಯ ಜೀಪುಗಳ ಕೆಲಸ ಮಾಡುತ್ತಲೇ ವಯಸ್ಸಾದ ಒಬ್ಬ ಉಸ್ತಾದರು. ಅವರು ಏನನ್ನೂ ಬಿಚ್ಚಲಿಲ್ಲ. ಮುಂದಿನ ಡಿಫರೆನ್ಷಿಯಲ್‌ನ ಎಣ್ಣೆ ತುಂಬುವ ಪ್ಲಗ್ ಸಡಿಲಿಸಿ, ಬೆರಳು ಅದ್ದಿ ನನಗೆ ತೋರಿಸಿದರು: ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿತ್ತು. "ಒಳಗ ನೀರು ಹೋಗ್ಯಾದ ಅಣ್ಣಾ, ಬ್ರೀದರ್ ನೋಡು" ಎಂದರು. ಗೇರುಗಳು ತಿರುಗಿ ಕಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ತಣ್ಣೀರಿಗೆ ಇಳಿದಾಗ ಕುಗ್ಗುತ್ತದೆ. ಈ ಉಸಿರಾಟಕ್ಕೆಂದೇ ಬ್ರೀದರ್ ಎಂಬ ಸಣ್ಣ ನಳಿಕೆ ಇರುತ್ತದೆ. ಅದು ಕಟ್ಟಿದರೆ ಕುಗ್ಗುವ ಗಾಳಿ ಆಯಿಲ್ ಸೀಲಿನ ಸಂದಿಯಿಂದ ನೀರನ್ನು ಒಳಗೆಳೆಯುತ್ತದೆ. ನನ್ನ ಗಾಡಿಯ ಬ್ರೀದರ್ ಕಟ್ಟಿದ್ದು ಕರಿಯ ಲೇಪನದಿಂದ. ಹಿಂದಿನ ಸರ್ವಿಸ್‌ನಲ್ಲಿ ತುಕ್ಕು ಹಿಡಿಯದಿರಲೆಂದು ಇದೇ ಸರ್ವಿಸ್ ಸೆಂಟರಿನವರು ಹಣ ಪಡೆದು ಹೊಡೆದಿದ್ದ ಅಂಡರ್‌ಬಾಡಿ ಕೋಟಿಂಗ್ ಅದು. ಚಾಸಿಗೆ ಅಂಟಿದ್ದ ಎರೆ ಮಣ್ಣನ್ನು ಕೂಡ ತೊಳೆಯದೆ ಅದರ ಮೇಲೆಯೇ ಹೊಡೆದಿದ್ದರು ಎಂಬುದು ಲೇಪನದ ಹಕ್ಕಳೆ ಕಿತ್ತಾಗ ಗೊತ್ತಾಯಿತು.

ಇದರ ಫೋಟೋ ತೆಗೆದು ಒಯ್ದು ತೋರಿಸಿದೆ. ಎಣ್ಣೆಯ ಬಣ್ಣವನ್ನು ಕೂಡಲೇ ಒಪ್ಪಿಕೊಂಡರು, ಏಕೆಂದರೆ ಅದು ಅವರಿಗೆ ಅನುಕೂಲವಾಗಿತ್ತು: ನೀರು ಹೊಕ್ಕಿದೆ, ಆದ್ದರಿಂದ ಇದು ಹೊರಗಿನ ಕಾರಣದಿಂದಾದ ಹಾನಿ, ವಾರಂಟಿ ಇಲ್ಲ. ಬ್ರೀದರಿನ ಮಾತು ಬಂದಾಗ ಮ್ಯಾನೇಜರ್ ಮೀಟಿಂಗಿನಲ್ಲಿದ್ದರು. ಇಷ್ಟು ಆಳದ ನೀರಿನಲ್ಲಿ ಹೋಗಬಹುದೆಂದು ಮಿಲಿಮೀಟರ್ ಲೆಕ್ಕದಲ್ಲಿ ಅಚ್ಚು ಹಾಕಿಸಿ ಮಾರಿದ ಮೇಲೆ, ಆ ಮಿತಿಯೊಳಗೆ ದಾಟಿದ ಗಾಡಿಗೆ ನೀರು ಹೊಕ್ಕರೆ ಅದು ಹೊರಗಿನ ಕಾರಣ ಹೇಗಾಗುತ್ತದೆ ಎಂಬ ನನ್ನ ಪ್ರಶ್ನೆಗೆ ಈವರೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಅಲ್ಲಿ ಕೆಲಸ ಮಾಡುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಐಟಿಐ ಮುಗಿಸಿ ಬಂದು ದಿನವಿಡೀ ಸಣ್ಣ ಕಾರುಗಳ ಎಣ್ಣೆ ಬದಲಿಸುವವರಿಗೆ, ಮುಂದಿನ-ಹಿಂದಿನ ಅಚ್ಚುಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಚ್ಚಿ ಕಲಿಸಿದವರು ಯಾರು? ವಾರಂಟಿ ಕೆಲಸಕ್ಕೆ ಕಂಪನಿಗಳು ಡೀಲರಿಗೆ ಮೊದಲೇ ಗೊತ್ತುಮಾಡಿದ ಗಂಟೆಗಳ ಲೆಕ್ಕದಲ್ಲಿ ಕೂಲಿ ಕೊಡುವುದು ರೂಢಿ. ಭಾಗ ಬದಲಿಸಿದರೆ ಹಣ ಹುಟ್ಟುತ್ತದೆ, ಕುಳಿತು ಯೋಚಿಸಿ ದೋಷ ಹುಡುಕಿದರೆ ಹುಟ್ಟುವುದಿಲ್ಲ. ಅಡ್ವೈಸರನಿಗೆ ಪಾಲಿಶ್, ಕೋಟಿಂಗ್ ಮಾರುವ ಗುರಿ ಬೇರೆ. ಹೀಗಾಗಿ ಕಷ್ಟದ ದೋಷ ಹೊತ್ತು ಬಂದ ಗ್ರಾಹಕ ಅಲ್ಲಿ ಎಲ್ಲರಿಗೂ ಬೇಡವಾದವನು. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಒಯ್ಯಿರಿ ಎಂದು ಮೆಲ್ಲಗೆ ಸಲಹೆ ಕೊಡುತ್ತಾರೆ; ಮಾರುವಾಗ ಮಾತ್ರ ಇದೇ ಊರಿನಲ್ಲಿ ಎಲ್ಲ ಸೌಲಭ್ಯವಿತ್ತು.

ಹೊರಗಿನ ಗ್ಯಾರೇಜಿಗೆ ಒಯ್ದರೆ ವಾರಂಟಿ ಹೋಯಿತು ಎಂಬ ಬೆದರಿಕೆಯ ಬಗ್ಗೆ ಒಂದು ಮಾತು. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ತಯಾರಕರಿಗೆ 2,544 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿದ ಆದೇಶದಲ್ಲಿ, ಬಿಡಿ ಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗುವಂತೆ ಮಾಡಬೇಕು, ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿಯನ್ನು ರದ್ದು ಮಾಡುವ ಷರತ್ತು ಹಾಕಬಾರದು ಎಂದು ಹೇಳಿತ್ತು. ಆ ಆದೇಶ ಮೇಲ್ಮನವಿಗಳ ದಾರಿ ಹಿಡಿಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆದು ವಾಹನಗಳನ್ನೂ ಅದರಲ್ಲಿ ಸೇರಿಸಿತು. ನನ್ನ ಉಸ್ತಾದರಿಗೆ ಇವೆರಡರಿಂದಲೂ ಒಂದು ಸೀಲು ಕೂಡ ಸುಲಭವಾಗಿ ಸಿಕ್ಕಿಲ್ಲ.

ಉಪಯೋಗಕ್ಕೆ ಬರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಸಾಕು, ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವು. ಮೊದಲ ಹೆಜ್ಜೆಗೆ 1915 ಎಂಬ ಸಹಾಯವಾಣಿಯಿದೆ. ಆದರೆ ಆಯೋಗದ ಮುಂದೆ ನಿಲ್ಲುವುದು ಕಾಗದ. ಜಾಬ್ ಕಾರ್ಡಿನಲ್ಲಿ ದೂರನ್ನು ನಿಮ್ಮ ಮಾತಿನಲ್ಲಿಯೇ ಪೂರ್ತಿ ಬರೆಸಿ, ಕಿಲೋಮೀಟರ್ ಹಾಕಿಸಿ, ತೆಗೆದ ಹಳೆಯ ಭಾಗಗಳನ್ನು ನೋಡದೆ ಬಿಲ್ಲು ಕಟ್ಟಬೇಡಿ. ನೀರು ದಾಟಿದ ಮೇಲೆ ಡಿಫರೆನ್ಷಿಯಲ್ ಎಣ್ಣೆ ನೋಡಿ ಎಂದು ಹೇಳಿದ್ದರೆ ಅದನ್ನೂ ಬರೆಸಿ, ಏಕೆಂದರೆ ಅವರು ನೋಡಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ವಾರಂಟಿ ಪುಸ್ತಕದ ಯಾವ ಷರತ್ತಿನ ಪ್ರಕಾರ ನಿರಾಕರಿಸುತ್ತೀರಿ ಎಂಬುದನ್ನು ಷರತ್ತಿನ ಸಂಖ್ಯೆಯ ಸಮೇತ ಲಿಖಿತವಾಗಿ ಕೊಡಿ ಎಂದು ನಾನು ಡೀಲರಿಗೂ ಕಂಪನಿಗೂ ಪತ್ರ ಬರೆದಿದ್ದೇನೆ. "ಮ್ಯಾಲಿಂದ ಮೇಲ್ ಬರಬೇಕ್ರಿ ಸರ" ಎಂಬುದರ ಆಚೆಗೆ ಉತ್ತರವಿಲ್ಲ. ಬೀದರ್, ಯಾದಗಿರಿ ಕಡೆಯ ಯಾರಿಗಾದರೂ 'ನೀರು ಹೊಕ್ಕಿದೆ' ಎಂಬ ಕಾರಣ ಕೊಟ್ಟು ಲಿಖಿತ ನಿರಾಕರಣೆ ಬಂದಿದ್ದರೆ ಆ ಹಾಳೆಯ ಫೋಟೋ ನನಗೆ ಕಳುಹಿಸಿ. ನನ್ನ ದೂರಿನ ಜೊತೆ ಲಗತ್ತಿಸಬಹುದೇ ಎಂದು ವಕೀಲರನ್ನು ಕೇಳುತ್ತೇನೆ.