ಹಿಂದುಳಿದ ಮಗುವಿನ ಮನೆಗೆ ಶಿಕ್ಷಕರು ಹೋಗಲೇಬೇಕೆ?

ಪರ: ಮನೆ ನೋಡದೆ ಮಗು ಅರ್ಥವಾಗದು

ಪೋಷಕರ ಸಭೆಗೆ ಬರುವವರು ಯಾರು? ಚೆನ್ನಾಗಿ ಓದುವ ಮಕ್ಕಳ ಅಪ್ಪ-ಅಮ್ಮ. ನಿಜಕ್ಕೂ ಬರಬೇಕಾದವರು ಅಂದು ಹೊಲದಲ್ಲೋ ಕೂಲಿಯಲ್ಲೋ ಇರುತ್ತಾರೆ. ಒಂದು ದಿನದ ಪಗಾರ ಬಿಟ್ಟು ಬಂದು, ನಾಲ್ಕು ಜನರೆದುರು ‘ನಿಮ್ಮ ಹುಡುಗನಿಗೆ ಕಾಗುಣಿತವೂ ಬರೋದಿಲ್ಲ’ ಅನ್ನಿಸಿಕೊಳ್ಳಲು ಯಾರಿಗೆ ಮನಸ್ಸಾದೀತು? ಕರ್ನಾಟಕದಲ್ಲಿ 2001ರಿಂದ ಎಸ್‌ಡಿಎಂಸಿಗಳಿವೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯೂ ಹೇಳಿತು. ಆದರೂ ಹಿಂದುಳಿದ ಮಗುವಿನ ತಾಯಿ ಇನ್ನೂ ಶಾಲೆಯ ಗೇಟಿನ ಹೊರಗೇ ಇದ್ದಾಳೆ. ಹಾಗಾಗಿ ನಾವೇ ಹೋಗಬೇಕು.

ವಿಜಯಪುರ ಜಿಲ್ಲೆಯ ತಾಂಡಾವೊಂದರ ಶಾಲೆಯಲ್ಲಿದ್ದಾಗ ನನ್ನ ಮೂರನೇ ತರಗತಿಯಲ್ಲೊಬ್ಬಳು ಹುಡುಗಿ. ಬಾಯಿ ಬಿಡುತ್ತಿರಲಿಲ್ಲ. ಪುಸ್ತಕ ಕೊಟ್ಟರೆ ತಲೆ ತಗ್ಗಿಸುವಳು. ‘ನಿಧಾನ ಕಲಿಕೆ’ ಎಂದು ದಾಖಲೆಯಲ್ಲಿ ಬರೆದಾಗಿತ್ತು. ಒಂದು ಸಂಜೆ ಮನೆಗೆ ಹೋದೆ. ಅಂಗಳದಲ್ಲಿ ತಮ್ಮನನ್ನು ಸೊಂಟಕ್ಕೇರಿಸಿಕೊಂಡು, ಕುರಿಯೊಂದು ಬಾವಿಗೆ ಬಿದ್ದ ಕಥೆಯನ್ನು ಅಜ್ಜಿಗೆ ಲಂಬಾಣಿಯಲ್ಲಿ ಹೇಳುತ್ತಿದ್ದಳು. ಅದೇ ಹುಡುಗಿ! ಕೈ ಬೀಸುತ್ತ, ಕುರಿಯಂತೆ ಕೂಗುತ್ತ, ಉಸಿರು ಬಿಡದೆ ಹೇಳುತ್ತಿದ್ದಳು. ಅವಳ ತಾಯಿಗೆ, ಸಾಲಿಗೆ ಯಾಕೆ ಬರೋದಿಲ್ಲ ಅಂದೆ. ‘ಅಲ್ಲಿ ಬಂದು ನಾವೇನ್ ಮಾತಾಡೋದ್ರಿ ಅಕ್ಕೋರ, ನಮಗ ಅಕ್ಷರ ಬರಂಗಿಲ್ಲ’ ಅಂದಳು.

ನಾನು ಕೇಳಿದ್ದು ಒಂದೇ: ರಾತ್ರಿ ರೊಟ್ಟಿ ಬಡಿಯುವಾಗ ಮಗಳು ಪಕ್ಕದಲ್ಲಿ ಕೂತು ನಾಲ್ಕು ಸಾಲು ಓದಲಿ, ಓದಿದ್ದನ್ನು ನಿಮ್ಮ ಮಾತಿನಲ್ಲಿ ನಿಮಗೆ ಹೇಳಲಿ. ಕೇಳಿಸಿಕೊಳ್ಳುವುದಕ್ಕೆ ಅಕ್ಷರ ಬೇಕಿಲ್ಲ. ಇತ್ತ ತರಗತಿಯಲ್ಲಿ ಅವಳ ಕುರಿಯ ಕಥೆಯನ್ನೇ ಕನ್ನಡದಲ್ಲಿ ಹಲಗೆಯ ಮೇಲೆ ಬರೆದು ಓದಿಸಿದೆ. ಒತ್ತಕ್ಷರ ನಿಧಾನವಾಗಿ ಬಂತು, ಮಾತು ಬೇಗ ಬಂತು. ದಸರೆ ಕಳೆದು ಮನೆಯವರೆಲ್ಲ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಟಾಗ, ಆ ತಾಯಿ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋದಳು. ಪ್ರತಿವರ್ಷ ಚಳಿಗಾಲಕ್ಕೆ ಖಾಲಿಯಾಗುತ್ತಿದ್ದ ಆ ಜಾಗ ಆ ವರ್ಷ ಖಾಲಿಯಾಗಲಿಲ್ಲ. ಯಾವ ಸುತ್ತೋಲೆಯಿಂದ ಇದು ಆಗುತ್ತಿತ್ತು?

ಸಮಯವಿಲ್ಲ ಎನ್ನುವವರಿದ್ದಾರೆ. ನಾಲ್ಕು ಗಂಟೆಯ ಬಸ್ಸಿನ ಮೇಲೆಯೇ ಕಣ್ಣಿಟ್ಟವರಿಗೆ ಸಮಯ ಯಾವತ್ತೂ ಇರುವುದಿಲ್ಲ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿ ವಿದ್ಯಾಗಮ ಯೋಜನೆ ಬಂದಾಗ ಗುಡಿಯ ಕಟ್ಟೆ, ಮರದ ನೆರಳು ಎಂದು ನಾವೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸಲಿಲ್ಲವೆ? ಮನಸ್ಸಿದ್ದರೆ ಆಗುತ್ತದೆ. ಹೋಗಲೇಬೇಕು, ಮತ್ತೆ ಮತ್ತೆ ಹೋಗಬೇಕು.

ವಿರೋಧ: ಕಡ್ಡಾಯ ಬೇಡ

ಈ ಪಕ್ಷದಲ್ಲಿ ಬರೆಯಲು ನನ್ನನ್ನು ಕೇಳಿದ್ದಾರೆ. ಮನೆಗೆ ಹೋಗುವುದೇ ತಪ್ಪೆಂದು ನಾನು ಹೇಳಲಾರೆ. ನನ್ನ ವಿರೋಧ ಇರುವುದು ‘ಹೋಗಲೇಬೇಕು’ ಎನ್ನುವುದಕ್ಕೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ: ಮಗುವಿನ ಕಲಿಕೆಯನ್ನು ಅಳೆದು, ಬೇಕಾದರೆ ಹೆಚ್ಚುವರಿ ಪಾಠ ಮಾಡಬೇಕು, ಪೋಷಕರ ಸಭೆಗಳನ್ನು ನಿಯಮಿತವಾಗಿ ನಡೆಸಬೇಕು. ಮನೆ ಭೇಟಿಯ ಮಾತು ಅಲ್ಲಿಲ್ಲ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸ ಕೊಡಬಾರದು ಎಂದು 27ನೇ ಸೆಕ್ಷನ್ ಹೇಳುತ್ತದೆ. 2025ರಲ್ಲಿ ನಡೆದದ್ದೇನು? ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಮನೆಮನೆಗೆ ಕಳಿಸಿ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಇದರ ಮೇಲೆ ಇನ್ನೊಂದು ಕಡ್ಡಾಯ ಬಂದರೆ ಅದು ಬಾಗಿಲಲ್ಲಿ ನಿಂತು ತೆಗೆದ ಫೋಟೊ ಆಗಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಮುಗಿಯುತ್ತದೆ. ಸಮಯವನ್ನು ತಿನ್ನುತ್ತಿರುವುದು ಮೊಟ್ಟೆ-ಹಾಲಿನ ಲೆಕ್ಕ, ಆನ್‌ಲೈನ್ ನಮೂದು. ಬಸ್ಸನ್ನು ದೂರಿ ಪ್ರಯೋಜನವಿಲ್ಲ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮೇಷ್ಟ್ರು ಬಂದು ಹೋದ ರಾತ್ರಿ ಹುಡುಗರು ಏಟು ತಿಂದದ್ದನ್ನು ಬಲ್ಲೆ. ಒಂದೇ ಕೋಣೆಯ ಮನೆಯವರು ಪಕ್ಕದ ಮನೆಯಿಂದ ಕುರ್ಚಿ ತರುವಾಗ ಪಡುವ ಸಂಕೋಚವನ್ನೂ ಕಂಡಿದ್ದೇನೆ. ಕುರ್ಚಿ ಕೊಟ್ಟ ಮನೆಗೂ ಸುದ್ದಿ ಮುಟ್ಟುತ್ತದೆ. ಹದಿನೈದರ ಹುಡುಗನಿಗೆ ಅದು ಸಣ್ಣ ಅವಮಾನವಲ್ಲ.

ಕೂಲಿಯವರಿಗೆ ಹಗಲು ಬರಲಾಗದಿದ್ದರೆ ಸಭೆಯನ್ನು ಸಂಜೆ ಇಡಲಿ. ಒಬ್ಬೊಬ್ಬರನ್ನೇ ಬೇರೆಯಾಗಿ ಕೂರಿಸಿ ಮಾತಾಡೋಣ. ಖಾಲಿ ಹುದ್ದೆಗಳನ್ನು ತುಂಬಲಿ, ಶಾಲೆಯಲ್ಲೇ ಹೆಚ್ಚುವರಿ ಪಾಠಕ್ಕೆ ನಮಗೊಂದು ಗಂಟೆ ಸಿಗಲಿ. ಅದಾದ ಮೇಲೂ ಯಾವ ಮಗುವಿನ ಮನೆಗೆ ಹೋಗಬೇಕು ಎನ್ನುವುದನ್ನು ಆ ಮಗುವಿಗೆ ಕಲಿಸುವ ಶಿಕ್ಷಕರೇ ತೀರ್ಮಾನಿಸಲಿ.