ನಕಲಿಗೂ ಒಂದು ಮರ್ಯಾದೆ

ವಿಂಬಲ್ಡನ್‌ನಲ್ಲಿ ಹೆಂಗಸರ ಸಿಂಗಲ್ಸ್ ಗೆದ್ದವರು ಎತ್ತಿ ಹಿಡಿಯುವ ಬೆಳ್ಳಿ ತಟ್ಟೆ ಇದೆಯಲ್ಲ, ಅದು ನಕಲು. ಬರ್ಮಿಂಗ್‌ಹ್ಯಾಮ್‌ಗೆ ಬಂದು ನೆಲೆಸಿದ ಮೇಲೆ ನನಗೆ ಗೊತ್ತಾಯಿತು, ಇದೇ ಊರಿನ ಎಲ್ಕಿಂಗ್ಟನ್ ಕಂಪನಿ 1864ರಲ್ಲಿ ಮಾಡಿದ್ದಂತೆ. ಮೂಲದ ತಟ್ಟೆ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದು ಬೆಳ್ಳಿಯದೂ ಅಲ್ಲ, ತವರ ಬೆರೆತ ಅಗ್ಗದ ಲೋಹದ್ದು! ಇಷ್ಟಾದರೂ ಇಲ್ಲಿ ಯಾರೂ ಮೂಗು ಮುರಿಯುವುದಿಲ್ಲ. ನಮ್ಮಲ್ಲಾಗಿದ್ದರೆ 'ಡೂಪ್ಲಿಕೇಟ್ ಅಂತೆ ಕಣೋ' ಅನ್ನುವುದೇ ದೊಡ್ಡ ಸುದ್ದಿ, ಅಲ್ವಾ?

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇಂಥವು ಇನ್ನೂ ಇವೆ. ಯಾವುದೋ ಅರಮನೆಯ ಹೂಜಿ, ಯಾವುದೋ ಚರ್ಚಿನ ಬಟ್ಟಲು. ಕೆಲಸ ಕಲಿಯುವ ಹುಡುಗರು ನೋಡಿ ಕಲಿಯಲಿ ಅಂತ 1850ರ ದಶಕದಿಂದಲೇ ಎಲ್ಕಿಂಗ್ಟನ್ ಕೈಲಿ ಮಾಡಿಸಿದರು. 1867ರಲ್ಲಂತೂ ಯುರೋಪಿನ ರಾಜಕುಮಾರರು ಪ್ಯಾರಿಸ್ಸಿನಲ್ಲಿ ಸಹಿ ಹಾಕಿ, ನಮ್ಮ ನಮ್ಮ ದೇಶದ ಕಲಾವಸ್ತುಗಳ ನಕಲು ಮಾಡೋಣ, ಹಂಚಿಕೊಳ್ಳೋಣ ಅಂತ ಒಪ್ಪಿಕೊಂಡರು.

ಮಾಡುವ ರೀತಿ ಚೆನ್ನಾಗಿದೆ. ಗಟಪರ್ಚ ಅನ್ನುವ ಮರದ ಅಂಟನ್ನು ಬಿಸಿ ಮಾಡಿ, ಮೂಲದ ಮೇಲೆ ಒತ್ತಿ ಅಚ್ಚು ತೆಗೆಯುತ್ತಿದ್ದರು. ಅಚ್ಚಿನ ಒಳಮೈಗೆ ಗ್ರಾಫೈಟ್ ಪುಡಿ ಸವರಿ, ಮೈಲುತುತ್ತದ ನೀರಿನಲ್ಲಿ ಇಳಿಬಿಟ್ಟು ಕರೆಂಟ್ ಹಾಯಿಸುತ್ತಿದ್ದರು. ನಾವು ಮಳೆಗಾಲದಲ್ಲಿ ಅಡಿಕೆ ಕೊನೆಗೆ ಸುಣ್ಣ ಸೇರಿಸಿ ಹೊಡೆಯುತ್ತೇವಲ್ಲ, ಅದೇ ಮೈಲುತುತ್ತ. ತಾಮ್ರ ಸ್ವಲ್ಪ ಸ್ವಲ್ಪವಾಗಿ ಅಚ್ಚಿನಲ್ಲಿ ಕಟ್ಟುತ್ತದೆ. ಆಮೇಲೆ ಬೆಳ್ಳಿ ಇಲ್ಲವೇ ಚಿನ್ನದ ಲೇಪ. ಹಳೆಯ ಕೆಲಸಗಾರನ ಉಳಿ ಜಾರಿದ ಗೀರಿದ್ದರೆ ಅದೂ ಹಾಗೇ ಮೂಡುತ್ತದೆ. ಇದು ನಕಲು, ನಾವು ಮಾಡಿದ್ದು ಅಂತ ಮುದ್ರೆಯನ್ನೂ ಒತ್ತುತ್ತಿದ್ದರು. ಮುಚ್ಚುಮರೆ ಇಲ್ಲ.

ನಮ್ಮನೆಯಲ್ಲಿ? ಅಜ್ಜಿಯ ಪನ್ನೀರುದಾನಿ ಅಕ್ಕನ ಮಗನ ಉಪನಯನಕ್ಕೆ ಮುಂಚೆ ಬೆಳ್ಳಿ ಅಂಗಡಿಗೆ ಹೋಯಿತು. ಕುತ್ತಿಗೆಯ ಸುತ್ತ ಬಳ್ಳಿ, ಬುಡದಲ್ಲಿ ಒಂದು ಕಡೆ ಸಣ್ಣ ನೆಗ್ಗು. ಬದಲಿಗೆ ಬಂದದ್ದು ಹಗುರ ತಟ್ಟೆ, ಎರಡು ಲೋಟ. "ಹಳೇದು ಇಟ್ಕೊಂಡು ಏನು ಮಾಡ್ತೀಯೋ, ಕಪ್ಪಾಗಿತ್ತು" ಅಂದಳು ಅಕ್ಕ. ಅಂಗಡಿಯವನಿಗೆ ಅದು ತೂಕ ಅಷ್ಟೇ. ನಮಗೂ ಅಷ್ಟೇ ಆಗಿಬಿಟ್ಟಿದೆಯಲ್ಲ ಅನ್ನುವುದು ನನ್ನ ಸಿಟ್ಟು. ನಕಲು ಅಂದರೆ ನಗುತ್ತೇವೆ, ಅಸಲನ್ನು ಕರಗಿಸುತ್ತೇವೆ.

ಬೆಳ್ಳಿ ಅಂದರೆ ಮನೆಯ ಉಳಿತಾಯ, ಒಪ್ಪುತ್ತೇನೆ. ನನ್ನ ಕಾಲೇಜು ಫೀಸಿಗೂ ಅಮ್ಮನ ಬೆಳ್ಳಿ ಚೊಂಬು ಹೋಗಿತ್ತು. ಆಗ ನಾನೇನು ತಕರಾರು ಮಾಡಲಿಲ್ಲ.

ಇನ್ನೊಂದನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ಎಲ್ಕಿಂಗ್ಟನ್‌ನವರು 1880ರ ಸುಮಾರಿಗೆ ಮಾಸ್ಕೋಗೆ ಹೋಗಿ ಕ್ರೆಮ್ಲಿನ್‌ನಲ್ಲಿದ್ದ ಬೆಳ್ಳಿ ಸಾಮಾನಿನ ಅಚ್ಚು ತೆಗೆದು ತಂದರು. ಅದರಲ್ಲಿ ಇಂಗ್ಲೆಂಡಿನದೇ ಬೆಳ್ಳಿ ಇತ್ತು, ಹಿಂದೆ ರಾಯಭಾರಿಗಳು ರಷ್ಯಾದ ದೊರೆಗೆ ಕಾಣಿಕೆ ಕೊಟ್ಟದ್ದು. ಅಂಥದ್ದು ನೋಡಲು ಅಷ್ಟು ದೂರ ಏಕೆ ಹೋಗಬೇಕಿತ್ತು? 1640ರ ದಶಕದ ಅಂತರ್ಯುದ್ಧದಲ್ಲಿ ಇಂಗ್ಲಿಷರು ತಮ್ಮ ಹಳೆ ಬೆಳ್ಳಿಯನ್ನು ರಾಶಿ ರಾಶಿ ಕರಗಿಸಿ ನಾಣ್ಯ ಹೊಡೆಸಿದ್ದರು. ಅಕ್ಕನಿಗೆ ಇದನ್ನು ಹೇಳಿದರೆ ನನ್ನ ಇಡೀ ವಾದ ಬಿದ್ದುಹೋಗುತ್ತದೆ. ಅದಕ್ಕೇ ಫೋನಿನಲ್ಲಿ ಸುಮ್ನೆ ಒಂದು ಮಾತು ಕೇಳಿದೆ: ಕೊಡುವ ಮೊದಲು ಒಂದು ಫೋಟೋನಾದ್ರೂ ತೆಗೆದಿದ್ಯಾ? ತೆಗೆದಿರಲಿಲ್ಲ.